ಬ್ಯಾಡಗಿಯಲ್ಲಿ ಚಾಲೂ ಇರುವ ಬುಲ್ಡೋಜರು

ರಾಣೆಬೆನ್ನೂರಿನ ಒಡ್ಡು ಮತ್ತು ಭೂ ಸಮತಟ್ಟು ಉಪವಿಭಾಗಕ್ಕೆ ಸ್ವಂತದ ಬುಲ್ಡೋಜರ್ ಒಂದು ಇದ್ದು, ಅದು ಸುಸ್ಥಿತಿಯಲ್ಲಿ ನಿಂತಿರುತ್ತದೆ. ಈ ವಾಕ್ಯವನ್ನು ಪ್ರತಿವರ್ಷ ವಾರ್ಷಿಕ ವರದಿಯಲ್ಲಿ ಬರೆಯುವ ಭಾಗ್ಯ ಪ್ರಥಮ ದರ್ಜೆ ಸಹಾಯಕನಾದ ನನ್ನದು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬುಲ್ಡೋಜರ್ ಇದೆ, ಅದು ನಿಂತಿದೆ, ನಾನು ಸೇವೆಗೆ ಸೇರಿದಂದಿನಿಂದ ಒಂದಿಂಚೂ ಅತ್ತಿತ್ತ ಸರಿದಿಲ್ಲ. ಮನುಷ್ಯರಲ್ಲಿ ಇಷ್ಟು ಶಿಸ್ತು ಕಂಡಿದ್ದರೆ ಜನ ಹೊಗಳುತ್ತಿದ್ದರು, ಯಂತ್ರದಲ್ಲಿ ಕಂಡದ್ದಕ್ಕೆ ನಗುತ್ತಾರೆ. ಅದರಿಂದ ನನಗೆ ನೋವಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ಯಂತ್ರ ಇರುವುದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದಿನ ನಮ್ಮ ಶೆಡ್ಡಿನಲ್ಲಿ. ಶೆಡ್ಡು ದೊಡ್ಡದು, ಯಂತ್ರ ಸಣ್ಣದು. ಸರ್ಕಾರದ ಜಾಗ ಖಾಲಿ ಬಿದ್ದರೆ ಪೋಲಾಗುತ್ತದೆಂಬ ಕಳಕಳಿಯಿಂದ ಒಬ್ಬ ವ್ಯಾಪಾರಿ ತನ್ನ ಮೆಣಸಿನಕಾಯಿ ಚೀಲಗಳನ್ನು ಯಂತ್ರದ ಸುತ್ತಲೂ, ಅನಂತರ ಯಂತ್ರದ ಮೇಲೂ ಇಟ್ಟುಕೊಂಡಿದ್ದ. ಯಾರು, ಯಾವಾಗ ಅನುಮತಿ ಕೊಟ್ಟರೆಂದು ಕಚೇರಿಯಲ್ಲಿ ಯಾರೂ ಕೇಳಿಲ್ಲ. ಸುಗ್ಗಿಯಲ್ಲಿ ನಮ್ಮೆಲ್ಲರ ಮನೆಗೂ ಒಳ್ಳೆಯ ಬಣ್ಣದ ಕಾಯಿ ಬರುತ್ತಿತ್ತು, ಅದನ್ನೂ ಯಾರು ಕಳಿಸಿದರೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ವರ್ಷಕ್ಕೊಮ್ಮೆ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಸಿಬ್ಬಂದಿಯೆಲ್ಲ ಜೀಪಿನಲ್ಲಿ ಬ್ಯಾಡಗಿಗೆ ಹೋಗುತ್ತೇವೆ. ಯಂತ್ರಕ್ಕೆ ಹಾರ ಹಾಕಿ, ವಿಭೂತಿ ಬಳಿದು, ಕುಂಬಳಕಾಯಿ ಒಡೆದು, ಅದರ ಚೈನಿನ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಪದ್ಧತಿಯ ಪ್ರಕಾರ ವಾಹನ ಮುಂದೆ ಚಲಿಸಿ ನಿಂಬೆಹಣ್ಣು ಅಪ್ಪಚ್ಚಿಯಾಗಬೇಕು. ಯಂತ್ರ ಚಲಿಸದಿರುವುದರಿಂದ ಆ ಕೆಲಸವನ್ನು ಹೆಚ್ಚುವರಿ ಪ್ರಭಾರದ ಮೇಲೆ ನನಗೆ ವಹಿಸಲಾಗಿದೆ. ನಾನು ಚಪ್ಪಲಿ ಬಿಟ್ಟು ಭಕ್ತಿಯಿಂದ ಹಿಮ್ಮಡಿಯಲ್ಲಿ ಒತ್ತುತ್ತೇನೆ.

ಹೀಗೆ ಎಲ್ಲ ಸುರಳೀತವಾಗಿ ನಡೆದಿರುವಾಗ ಐರಣಿಯಿಂದ ಹೊನ್ನವ್ವ ಬಂದಳು.

ಐರಣಿ ತುಂಗಭದ್ರೆಯ ದಂಡೆಯ ಮೇಲಿನ ಊರು. ಹೊಳೆಗೆ ಕೂಡುವ ಹಳ್ಳದ ಪಕ್ಕದಲ್ಲಿ ಹೊನ್ನವ್ವನ ಹೊಲ. ಹೊಳೆ ತುಂಬಿದಾಗ ಹಳ್ಳದೊಳಗೆ ಹಿಮ್ಮೆಟ್ಟಿ ಬರುವ ನೀರನ್ನು ತಡೆಯಲು ಅಲ್ಲಿ ಮಣ್ಣಿನ ಒಡ್ಡು ಇತ್ತು. ಹಿಂದಿನ ಮಳೆಗಾಲದಲ್ಲಿ ಅದು ನಡುವೆ ಹರಿದುಹೋಯಿತು. ಹೊನ್ನವ್ವ ಗಂಡ ತೀರಿಕೊಂಡ ಮೇಲೆ ತಾನೇ ಬೇಸಾಯ ಮಾಡಿಸುವ ಗಟ್ಟಿ ಹೆಂಗಸು. ಕಚೇರಿಗೆ ಬಂದವಳು ನೇರವಾಗಿ ಸಾಹೇಬರ ಮುಂದೆ ನಿಂತಳು. ಸಾಹೇಬರೆಂದರೆ ನಮ್ಮ ಸಹಾಯಕ ಇಂಜಿನಿಯರು ಪ್ರಭುಲಿಂಗಪ್ಪನವರು.

"ಸಾಹೇಬ್ರ, ಒಡ್ಡು ಹರದಾಗ ಅರ್ಧಾ ಹೊಲದ ಮಣ್ಣ ಹೊಳಿ ಪಾಲಾತ್ರಿ. ಈ ಮಳಿಗಾಲದಾಗ ಉಳದದ್ದೂ ಹೋಕ್ಕೈತಿ. ಮಣ್ಣ ಹ್ವಾದ ಮ್ಯಾಲ ಬರೇ ಗರಸು ಉಳೀತೈತಿ. ಗರಸಿನ್ಯಾಗ ಏನ್ ಬಿತ್ತಲಿ?"

"ಕುಂದ್ರವಾ, ಕುಂದ್ರು. ನಿಮ್ಮ ಅರ್ಜಿ ಬಂದೈತಿ. ಮಂಜೂರೂ ಆಗೈತಿ. ಬುಲ್ಡೋಜರಿನ ತಾಸಿನ ಲೆಕ್ಕದಾಗ ಮಂಜೂರ ಮಾಡೇವಿ," ಎಂದರು ಸಾಹೇಬರು.

ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮ ಕಡೆ ಮಣ್ಣಿನ ಕೆಲಸವೆಲ್ಲ ತಾಸಿನ ಲೆಕ್ಕದಲ್ಲಿಯೇ ನಡೆಯುತ್ತದೆ. ಜೆಸಿಬಿ ಹಚ್ಚಿದ ರೈತನೂ ಮಷೀನು ಎಷ್ಟು ತಾಸು ಓಡಿತೆಂದು ಕೇಳುತ್ತಾನೆ, ಎಷ್ಟು ಮಣ್ಣು ದೂಡಿತೆಂದು ಅಳೆಯಲು ಹೋಗುವುದಿಲ್ಲ. ಸರ್ಕಾರವೂ ಜನರಿಂದಲೇ ಕಲಿಯುತ್ತದೆ. ನಮ್ಮ ಬುಲ್ಡೋಜರಿನ ಸೀಟಿನ ಮುಂದೆ ತಾಸಿನ ಮೀಟರು ಇದೆ. ಇಂಜಿನ್ ಚಾಲೂ ಇದ್ದಷ್ಟು ಹೊತ್ತು ಅದು ತಿರುಗುತ್ತದೆ. ಮಂಜೂರಾದಷ್ಟು ತಾಸು ಅದರಲ್ಲಿ ತುಂಬಿದರೆ ಕಾಮಗಾರಿ ಮುಗಿಯಿತೆಂದು ಅರ್ಥ.

"ಹಂಗಾರ ಒಂದ್ ಜೆಸಿಬಿ ಹಚ್ಚಿ ಹಾಕಿಸಿಬಿಡ್ರಲಾ," ಎಂದಳು ಹೊನ್ನವ್ವ.

ಸಾಹೇಬರ ಮುಖ ಅರಳಿತು. ಅವರ ಭಾವಮೈದುನರಲ್ಲಿ ಒಂದು ಜೆಸಿಬಿ ಇತ್ತು. ಅದು ಕೆಲವು ದಿನಗಳಿಂದ ತೊಳೆದು ಒರೆಸಿಕೊಂಡು ಐರಣಿ ರಸ್ತೆಯಲ್ಲಿಯೇ ನಿಂತಿತ್ತು. ಇದು ಕೇವಲ ಕಾಕತಾಳೀಯ. ಆದರೆ ನಿಯಮ ನಿಯಮವೇ. ಸಾಹೇಬರ ಕಣ್ಸನ್ನೆಯಂತೆ ನಾನು ಎದ್ದುನಿಂತು ಓದಿದೆ: "ಸ್ವಂತ ಯಂತ್ರವುಳ್ಳ ಕಚೇರಿಯು ಕಟ್ಟುವ ಕೆಲಸಕ್ಕೆ ಬಾಡಿಗೆ ಯಂತ್ರ ಪಡೆಯತಕ್ಕದ್ದಲ್ಲ. ಸ್ವಂತ ಯಂತ್ರ ಚಾಲೂ ಆಗುವುದಿಲ್ಲವೆಂದು ಸಾರ್ವಜನಿಕರ ಸಮಕ್ಷಮ ಸಾಬೀತಾದಲ್ಲಿ ಮಾತ್ರ ಪಡೆಯತಕ್ಕದ್ದು."

"ಅಂದ್ರ?" ಹೊನ್ನವ್ವ ನನ್ನ ಕಡೆ ತಿರುಗಿದಳು.

"ಅಂದ್ರ, ಮೊದಲ ಅದನ್ನ ಚಾಲೂ ಮಾಡಿ ನೋಡಬೇಕವಾ. ಆಗಲಿಲ್ಲಂದ್ರ ನಿನ್ನ ಒಡ್ಡು ಆಗ್ತೈತಿ."

ಅವಳು ನನ್ನಿಂದ ಆ ನಿಯಮವನ್ನು ಇನ್ನೊಮ್ಮೆ ಓದಿಸಿದಳು. ಓದು ಬಾರದ ಜನಕ್ಕೆ ನಿಯಮ ಅರ್ಥವಾಗಲು ಸಮಯ ಹಿಡಿಯುತ್ತದೆ.

ಮರುದಿನವೇ ಪ್ರಕಟಣೆ ಹೊರಟಿತು. "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ದೀರ್ಘಕಾಲದ ವಿಶ್ರಾಂತಿಯಲ್ಲಿರುವ ಇಲಾಖಾ ಬುಲ್ಡೋಜರನ್ನು ಚಾಲೂ ಮಾಡಲು ಪ್ರಯತ್ನಿಸುವ ಹಾಗೂ ವಿಫಲವಾಗುವ ಸಮಾರಂಭವನ್ನು ಬ್ಯಾಡಗಿಯಲ್ಲಿ ಏರ್ಪಡಿಸಲಾಗಿದ್ದು, ಸಾರ್ವಜನಿಕರು ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಿ ವೈಫಲ್ಯವನ್ನು ಯಶಸ್ವಿಗೊಳಿಸಬೇಕಾಗಿ ಕೋರಿಕೆ." ಕರಡು ನನ್ನದು. ಸಾಹೇಬರು ಒಂದು ಅಲ್ಪವಿರಾಮ ಮಾತ್ರ ತಿದ್ದಿದರು.

ಚಾಲೂ ಮಾಡಲು ರಾಣೆಬೆನ್ನೂರಿನ ಅಬ್ದುಲರಜಾಕ ಮಿಸ್ತ್ರಿಯನ್ನು ಕರೆಸಲಾಯಿತು. ಬಾಯಿ ಬಡಾಯಿಗೆ ಹೆಸರಾದ ಮನುಷ್ಯ. ಬಡಾಯಿ ಕೊಚ್ಚುವವರಿಂದ ಕೆಲಸ ಆಗುವುದಿಲ್ಲವೆಂಬ ನಂಬಿಕೆಯಿಂದಲೇ ಸಾಹೇಬರು ಅವನನ್ನು ಆರಿಸಿದ್ದರು. ಅಷ್ಟಾದರೂ ಒಂದು ಮಾತು ಹೇಳಿಟ್ಟರು.

"ಮಿಸ್ತ್ರಿ, ಬಾಳ ಮನಸಿಟ್ಟ ಮಾಡಾಕ ಹೋಗಬ್ಯಾಡ್ರಿ. ವಯಸ್ಸಾದ ಮಷೀನು."

"ಏ, ಏನ್ ಮಾತಾಡ್ತೀರಿ ಸಾಹೇಬ್ರ! ಈ ಕೈ ಬಿದ್ದ ಮ್ಯಾಲ ಒದರಲಾರದ ಇಂಜಿನ್ ಇನ್ನೂ ಹುಟ್ಟಿಲ್ಲ. ನೀವು ಆರಾಮ ಕುಂತ ನೋಡ್ರಿ ತಮಾಷಾ!"

ಸಾಹೇಬರ ಸೂಚನೆ ಅವನ ತಲೆಗೆ ಹೋಗಲೇ ಇಲ್ಲ. ಚೀಲಗಳನ್ನು ಇಳಿಸಿ ಅವನು ಕೆಲಸಕ್ಕೆ ನಿಂತ. ಡೀಸೆಲ್ ಟಾಕಿಯ ತಳದ ತಿರುಪು ಬಿಚ್ಚಿದರೆ ಮೊದಲು ನೀರು ಬಂತು, ಆಮೇಲೆ ಬೆಲ್ಲದ ಪಾಕದಂಥದ್ದೇನೋ ಬಂತು. ಅದನ್ನೆಲ್ಲ ಬಸಿದು ಹೊಸ ಡೀಸೆಲ್ ಹಾಕಿದ. ಫಿಲ್ಟರ್ ಬದಲಿಸಿದ, ಆಯಿಲ್ ಬದಲಿಸಿದ. ಇಂಜಿನ್ ಹಿಡಿದುಕೊಂಡಿದೆಯೇ ಎಂದು ಉದ್ದನೆಯ ಸಲಾಕೆ ಹಾಕಿ ಕೈಯಿಂದಲೇ ತಿರುಗಿಸಿ ನೋಡಿದ. ಗಾಳಿ ಒಳಹೋಗುವ ಕೊಳವೆಯಲ್ಲಿ ಇಲಿಗಳು ಗೋಣಿನಾರು ಮತ್ತು ಮೆಣಸಿನಕಾಯಿ ಸೇರಿಸಿ ಸಂಸಾರ ಹೂಡಿದ್ದವು, ಅದನ್ನು ಪೂರಾ ತೆಗೆಸಿದ. ಡೀಸೆಲ್ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಒಂದೊಂದೇ ನಟ್ಟು ಸಡಿಲಿಸಿ ಬಿಟ್ಟ. ಆದರೆ ಬಡಾಯಿಯ ಭರದಲ್ಲಿ ಒಂದನ್ನು ಮರೆತ. ಹೊಗೆ ಬಿಡುವ ಕೊಳವೆ ಮೇಲ್ಮುಖವಾಗಿ ಬಾಯಿ ತೆರೆದು ನಿಂತಿತ್ತು. ಅಷ್ಟು ವರ್ಷವೂ ಚೀಲ ಹೊತ್ತು ಮೇಲೆ ಒಟ್ಟಿದಾಗಲೆಲ್ಲ ಉದುರಿದ ಕಾಯಿ ಅದರೊಳಗೆ ಬಿದ್ದು, ಕಂಠಮಟ್ಟ ತುಂಬಿತ್ತು.

ಸಮಾರಂಭದ ದಿನ ಹಾವೇರಿಯಿಂದ ಗಣ್ಯರು ಬಂದರು, ಪತ್ರಿಕೆಯವರು ಬಂದರು, ಪೇಟೆಯಲ್ಲಿ ಚೀಲ ಹೊರುವ ಹಮಾಲರು ಬಂದರು. ಹೊನ್ನವ್ವ ಬೆಳಗಿನ ಬಸ್ಸಿಗೇ ಬಂದು ಯಂತ್ರದ ಎದುರು ಕೂತಿದ್ದಳು. ಅದು ಚಾಲೂ ಆಗಲೆಂದು ಬೇಡಬೇಕೋ, ಆಗದಿರಲೆಂದು ಬೇಡಬೇಕೋ ಅವಳಿಗೆ ತಿಳಿಯದೆ ಸುಮ್ಮನೆ ಕೈ ಮುಗಿದಿದ್ದಳು. ಸಾಹೇಬರು ಯಂತ್ರದ ಅಕಾಲಿಕ ನಿಧನಕ್ಕೆ ಸಂತಾಪ ಸೂಚಿಸುವ ಭಾಷಣವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅಬ್ದುಲರಜಾಕ ಲಾರಿಯೊಂದರಿಂದ ಕಡ ತಂದ ಬ್ಯಾಟರಿ ಜೋಡಿಸಿ, ಸೀಟಿನ ಮೇಲೆ ಕೂತು ಸೆಲ್ಫ್ ಹೊಡೆದ.

ಮೊದಲ ಸಲ ಅದು ನರಳಿತು. ಎರಡನೆಯ ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಶೆಡ್ಡಿನ ತಗಡು ಗದಗದ ನಡುಗಿತು, ಕೊಳವೆಯಿಂದ ಕಪ್ಪು ಹೊಗೆ ಢಂ ಎಂದು ಹಾರಿತು, ಅದರ ಹಿಂದೆಯೇ ಹುರಿದ ಬ್ಯಾಡಗಿ ಮೆಣಸಿನಕಾಯಿಯ ಘಾಟು ಇಡೀ ಸಭೆಯ ಮೇಲೆ ಇಳಿಯಿತು.

ಹಮಾಲರು ನಿಂತಲ್ಲೇ ನಿಂತು ಬೀಡಿ ಸೇದಿದರು, ಅವರಿಗೆ ಅದು ದಿನದ ಗಾಳಿ. ಹಾವೇರಿಯ ಗಣ್ಯರು ವೇದಿಕೆ ಬಿಟ್ಟು ಸ್ಟೇಷನ್ ರಸ್ತೆಯವರೆಗೂ ಓಡಿದರು. ಸಾಹೇಬರ ಕಣ್ಣಲ್ಲಿ ಧಾರಾಕಾರ ನೀರು, ಅದರಲ್ಲಿ ಅರ್ಧ ಮೆಣಸಿನಕಾಯಿಯದು, ಅರ್ಧ ಭಾವಮೈದುನರದು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು: ಐತಿಹಾಸಿಕ ಕ್ಷಣ, ಆನಂದಬಾಷ್ಪ ಸುರಿಸಿದ ಅಧಿಕಾರಿಗಳು. ನಾನೂ ಅತ್ತೆ, ಆದರೆ ನನ್ನದು ಖರೇ ಸಂತೋಷದ ಅಳು. ಅಷ್ಟು ವರ್ಷ ವರದಿಯಲ್ಲಿ ಬರೆದ ಸುಸ್ಥಿತಿ ಎಂಬ ಮಾತು ನನ್ನ ಕಣ್ಣೆದುರೇ ನಿಜವಾಗಿತ್ತು.

ಹೊನ್ನವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮುಂದೆ ಬಂದಳು. "ಹಂಗಾರ ನಾಳೆ ಐರಣಿಗೆ ಬರ್ತೈತಲ್ರೀ?"

"ಬರಲಾರದ ಏನವಾ," ಎಂದರು ಸಾಹೇಬರು ಕಣ್ಣೊರೆಸುತ್ತ.

ಬರುವುದಕ್ಕೆ ಒಂದೇ ಒಂದು ತೊಡಕಿತ್ತು. ಬುಲ್ಡೋಜರಿನ ಚೈನು ಡಾಂಬರು ರಸ್ತೆಯನ್ನು ಕಿತ್ತುಹಾಕುವುದರಿಂದ ಅದು ತಾನಾಗಿ ನಡೆದು ಹೋಗುವಂತಿಲ್ಲ, ಟ್ರೇಲರ್ ಮೇಲೆ ಹೋಗಬೇಕು. ಕಚೇರಿಯ ಆದೇಶದಲ್ಲಿ, "ಚಾಲೂ ಇರುವ ಯಂತ್ರವನ್ನು ಮಾತ್ರ ಕಾಮಗಾರಿ ಸ್ಥಳಕ್ಕೆ ಸಾಗಿಸತಕ್ಕದ್ದು" ಎಂದಿತ್ತು. ಟ್ರೇಲರಿನವನು ಬಂದು ನೋಡಿ, "ಚಾಲೂ ಇದ್ದ ಮಷೀನ್ ಹೇರಂಗಿಲ್ರೀ, ಬಂದ್ ಮಾಡ್ರಿ," ಎಂದ. ಬಂದ್ ಮಾಡಿದರೆ ಅದು ಚಾಲೂ ಇರುವ ಯಂತ್ರವಾಗಿ ಉಳಿಯುವುದಿಲ್ಲ. ಸಾಹೇಬರು ಮಿಸ್ತ್ರಿಯನ್ನು ಕೇಳಿದರು.

"ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತೈತೇನು?"

ಅಬ್ದುಲರಜಾಕ ಕೈ ಒರೆಸಿಕೊಂಡ. "ಬ್ಯಾಟರಿ ಲಾರಿಯವ್ರ ಒಯ್ದ್ರು. ನನಗ ಹೇಳಿದ್ದು ಚಾಲೂ ಮಾಡು ಅಂತ, ಮಾಡೇನಿ. ಒಯ್ಯೂದು, ದೂಡೂದು ಬ್ಯಾರೆ ಕೆಲಸ. ಅದನ್ನ ಬ್ಯಾರೆ ಆರ್ಡರ್ ಹಾಕಿ ಕರೀರಿ." ಹೀಗೆಂದು ಹಾರ ಹಾಕಿಸಿಕೊಂಡು ಹೋದ.

ಕಚೇರಿಯಿಂದ ತಕ್ಷಣ ಸುತ್ತೋಲೆ ಹೊರಟಿತು: ಚಾಲೂ ಆಗಿರುವ ಯಂತ್ರವನ್ನು ಮುಂದಿನ ಆದೇಶದವರೆಗೆ ಚಾಲೂ ಸ್ಥಿತಿಯಲ್ಲಿಯೇ ಕಾಯ್ದುಕೊಂಡು ಬರತಕ್ಕದ್ದು.

ಅಂದಿನಿಂದ ಬುಲ್ಡೋಜರ್ ಹಗಲೂ ರಾತ್ರಿ ನಿಂತಲ್ಲೇ ಓಡಿತು. ಅದು ಕುಡಿಯುವುದಕ್ಕಿಂತ ಹೆಚ್ಚು ಡೀಸೆಲ್ ಮಂಜೂರಾಗಿ ಬರುತ್ತಿತ್ತು. ಹೆಚ್ಚಾದದ್ದನ್ನು ಚೆಲ್ಲುವುದು ಸಾರ್ವಜನಿಕ ಸ್ವತ್ತಿನ ನಷ್ಟವಾದ್ದರಿಂದ, ಅದನ್ನು ತನ್ನ ಹೊಟ್ಟೆಯಲ್ಲಿ ಕಾಪಾಡುವ ಹೊಣೆಯನ್ನು ಭಾವಮೈದುನರ ಜೆಸಿಬಿ ದೊಡ್ಡ ಮನಸ್ಸಿನಿಂದ ಹೊತ್ತುಕೊಂಡಿತು. ಸಾಹೇಬರ ದುಃಖವೂ ಕ್ರಮೇಣ ಕಡಿಮೆಯಾಯಿತು. ಶೆಡ್ಡಿನ ವ್ಯಾಪಾರಿ ರೇಡಿಯೇಟರಿನ ಬಿಸಿಗಾಳಿಗೆ ಹಸಿ ಕಾಯಿ ಹರವಿದ. ಮೋಡದ ದಿನಗಳಲ್ಲೂ ಕಾಯಿ ಗರಿಗರಿಯಾಗಿ ಒಣಗುತ್ತಿದೆಯೆಂದು ಇಲಾಖೆಗೆ ಕೃತಜ್ಞತೆ ಹೇಳಿ ಕಳಿಸಿದ. ಸರ್ಕಾರಿ ಯಂತ್ರವೊಂದು ಜನರಿಗೆ ಇಷ್ಟು ಹತ್ತಿರವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಾಸಿನ ಮೀಟರು ತಿರುಗುತ್ತಿತ್ತು. ಓಡಿದ ತಾಸನ್ನು ಪ್ರತಿದಿನ ಹಾವೇರಿಯ ಜಿಲ್ಲಾ ಕಚೇರಿಗೆ ವರದಿ ಮಾಡುವುದು ನನ್ನ ಕರ್ತವ್ಯ. ಆ ವರ್ಷ ಮಂಜೂರಾದ ಕಾಮಗಾರಿ ಐರಣಿಯ ಒಡ್ಡು ಒಂದೇ ಆದ್ದರಿಂದ ತಾಸುಗಳನ್ನು ಅದರ ಹೆಸರಿಗೇ ಬರೆದೆ. ಬೇರೆ ಯಾರ ಹೆಸರಿಗೆ ಬರೆಯಲಿ?

ಮಳೆಯ ಮೋಡ ಕಟ್ಟುವ ಹೊತ್ತಿಗೆ ಹೊನ್ನವ್ವ ಮತ್ತೆ ಬಂದಳು. ನಾನು ಸಂತೋಷದಿಂದಲೇ ಹೇಳಿದೆ, "ನಿನ್ನ ಒಡ್ಡು ಮುಕ್ಕಾಲ ಪಾಲ ಮುಗದೈತವಾ."

"ಎಲ್ಲಿ ಮುಗದೈತಿ? ನಾ ಮುಂಜಾನೆ ಅಲ್ಲಿಂದನ ಬಂದೇನಿ."

"ಮೀಟರಿನ್ಯಾಗ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅದಕ್ಕೂ ನಮ್ಮಲ್ಲಿ ನಿಯಮವಿದೆ. "ಹೊಳಿ ಮೀಟರಿನ್ಯಾಗ ಬರೂದಿಲ್ಲಪಾ, ಹೊಲಕ್ಕ ಬರ್ತೈತಿ," ಎಂದಳು. ನಾನು ಒಂದು ಲೋಟ ನೀರು ತರಿಸಿಕೊಟ್ಟೆ, ಅದನ್ನು ಮುಟ್ಟದೆ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದಳು.

ಕೆಲವೇ ದಿನಗಳಲ್ಲಿ ಮೀಟರಿನಲ್ಲಿ ತಾಸು ತುಂಬಿತು. ಹಾವೇರಿಯಿಂದ ಪ್ರಶಂಸಾ ಪತ್ರ ಬಂತು. "ಕಾಮಗಾರಿ ಪೂರ್ಣಗೊಂಡಿದೆ" ಎಂಬ ಫಲಕವನ್ನು ಒಡ್ಡಿನ ಮೇಲೆ ನೆಡಲು ನನ್ನನ್ನು ಐರಣಿಗೆ ಕಳಿಸಿದರು.

ಹೋಗಿ ನೋಡುತ್ತೇನೆ, ಹಳ್ಳದ ತುಂಬ ಜನ. ಹೊನ್ನವ್ವ ಮನೆಮನೆಗೆ ಹೋಗಿ ಊರನ್ನೇ ಎಬ್ಬಿಸಿದ್ದಳು. ನಾಲ್ಕಾರು ಟ್ರ್ಯಾಕ್ಟರು ಮಣ್ಣು ತಂದು ಸುರಿಯುತ್ತಿದ್ದವು. ಗಂಡಸರು ಉಳ್ಳಾಗಡ್ಡಿ ಚೀಲಗಳಲ್ಲಿ ಉಸುಕು ತುಂಬಿ ಒಟ್ಟುತ್ತಿದ್ದರು, ಹೆಂಗಸರು ಸಾಲುಗಟ್ಟಿ ಬುಟ್ಟಿ ದಾಟಿಸುತ್ತಿದ್ದರು. ಯಾರ ಹತ್ತಿರವೂ ಕಾರ್ಯಾದೇಶ ಇರಲಿಲ್ಲ. ಅಷ್ಟು ಅಶಿಸ್ತನ್ನು ನಾನು ಸೇವೆಯಲ್ಲಿ ಕಂಡಿರಲಿಲ್ಲ. ಹೊಳೆ ಆಗಲೇ ಕೆಂಪಾಗಿ ಏರುತ್ತಿತ್ತು. ಫಲಕ ಹಿಡಿದು ನಿಂತ ನನ್ನನ್ನು ನೋಡಿ ಹೊನ್ನವ್ವ ಬುಟ್ಟಿ ಇಳಿಸಿದಳು.

"ಸಾಹೇಬ್ರ, ತುಸು ತಡೀರಿ. ನಿಮ್ಮ ಫಲಕ ನೆಡೂ ಜಾಗಾಕ್ಕ ಇನ್ನೂ ಮಣ್ಣ ಬಿದ್ದಿಲ್ಲ."

ಅವಳ ಅಂಗೈಯ ಬೊಬ್ಬೆ ಒಡೆದು ಮಣ್ಣು ಮೆತ್ತಿತ್ತು. ಸಂಜೆಯವರೆಗೂ ನಿಂತೆ, ಮಣ್ಣು ಬಿದ್ದ ಮೇಲೆ ಫಲಕ ನೆಟ್ಟೆ, ಬಂದೆ. ಅದೇ ವಾರ ಹೊಳೆ ತುಂಬಿ ಬಂತು. ನೀರು ಒಡ್ಡಿಗೆ ಬಡಿದು ಬಡಿದು ಹಿಂದಕ್ಕೆ ಹೋಯಿತು. ಹೊನ್ನವ್ವನ ಹೊಲಕ್ಕೆ ಒಂದು ಹನಿಯೂ ನುಗ್ಗಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಳ್ಳೆಯ ಕೆಲಸ ಕಂಡರೆ ತಪಾಸಣೆ ತಪ್ಪುವುದಿಲ್ಲ. ಹಾವೇರಿಯಿಂದ ಗುಣಮಟ್ಟ ಪರಿಶೀಲನೆಗೆ ನಿರ್ಮಲಾ ಮೇಡಂ ಬಂದರು. ಯಾರ ಮನೆಯ ಚಹಾವನ್ನೂ ಕುಡಿಯದ ಖಡಕ್ ಅಧಿಕಾರಿ. ಸಾಹೇಬರು, ನಾನು ಹಿಂದೆ ನಿಂತೆವು. ಮೇಡಂ ಒಡ್ಡಿನ ಉದ್ದಕ್ಕೂ ನಡೆದು, ಒಂದು ಉಳ್ಳಾಗಡ್ಡಿ ಚೀಲದ ಮುಂದೆ ನಿಂತರು.

"ಇದು ಬುಲ್ಡೋಜರ್ ಕೆಲಸ ಅಲ್ಲ. ಇದನ್ನ ಯಾರು ಕಟ್ಟಿದ್ರು?"

ಊರವರೆಲ್ಲ ಹೊನ್ನವ್ವನ ಮುಖ ನೋಡಿದರು. ಅವಳ ಮುಖದಲ್ಲಿ ಹೆಮ್ಮೆ ಮೂಡಿತು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಡಂ ಮುಂದುವರಿಸಿದರು: "ಜನ ತಾವೇ ಕಟ್ಟಿದ್ರೆ ಇದು ಹಳ್ಳದ ಅನಧಿಕೃತ ಒತ್ತುವರಿ. ನಿಯಮದ ಪ್ರಕಾರ ತಕ್ಷಣ ತೆರವುಗೊಳಿಸಬೇಕು."

ಸಾಹೇಬರು ಮೆಲ್ಲಗೆ ಕೆಮ್ಮಿದರು. "ತೆಗೀಲಿಕ್ಕೆ ಅಡ್ಡಿ ಇಲ್ರೀ ಮೇಡಂ. ಬಾಡಿಗಿ ಮಷೀನ್ ತರಬಾರದು ಅನ್ನೂ ನಿಯಮ ಕಟ್ಟೂದಕ್ಕಷ್ಟ ಐತಿ, ಕೆಡವೂದಕ್ಕಿಲ್ಲ. ನಮ್ಮ ಭಾವಮೈದುನರ ಜೆಸಿಬಿ ಇಲ್ಲೇ ರಸ್ತಾದಾಗ ನಿಂತೈತಿ."

ರಸ್ತೆಯಲ್ಲಿ ಜೆಸಿಬಿ ಚಾಲೂ ಆದ ಸಪ್ಪಳ ಕೇಳಿಸಿತು. ಅದಕ್ಕೆ ಹೊಟ್ಟೆ ತುಂಬ ಡೀಸೆಲ್ ಇತ್ತು. ಹೊನ್ನವ್ವ ಒಡ್ಡನ್ನು ನೋಡಿದಳು, ಒಡ್ಡಿನ ಆಚೆ ಇನ್ನೂ ಇಳಿಯದ ಹೊಳೆಯನ್ನು ನೋಡಿದಳು, ಈಚೆ ತನ್ನ ಹೊಲದಲ್ಲಿ ಮೊಳಕಾಲೆತ್ತರ ಎದ್ದ ಗೋವಿನಜೋಳವನ್ನು ನೋಡಿದಳು. ಆಮೇಲೆ ಬೊಬ್ಬೆಯೆದ್ದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾವ್ಯಾಕ ಕಟ್ಟೋಣ್ರಿ ಮೇಡಂ? ಬುಲ್ಡೋಜರ್ ಬಂದಿತ್ತು."

"ನೀವು ಕಣ್ಣಾರೆ ನೋಡಿದ್ರಾ?"

"ನೋಡಲಾರದ ಏನ್ರಿ! ಹಳದಿ ಬಣ್ಣದ್ದು. ಬಂತಂದ್ರ ಊರ ತುಂಬ ಖಾರದ ಘಾಟು. ಅಗದಿ ಚಂದ ದೂಡ್ತು. ನಾನ ನೀರ ಕೊಟ್ಟೇನಿ ಅದಕ್ಕ, ಬಿಸಿ ಆಗಿತ್ತು ಪಾಪ."

"ಹಾಗಾದ್ರೆ ಚೈನಿನ ಗುರುತು ಎಲ್ಲಿ?"

"ಮಳಿ ಬಂತಲ್ರೀ," ಎಂದ ಹಿಂದಿನಿಂದ ಒಬ್ಬ ರೈತ, ಅವನ ಹೆಸರು ಶೇಖಪ್ಪ. ಅವನ ಟ್ರ್ಯಾಕ್ಟರೇ ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತಿತ್ತು. "ಅದರ ಗದ್ದಲಕ್ಕ ನಮ್ಮ ಎಮ್ಮಿ ಎರಡ ದಿನ ಹಾಲ ಇಳಸಲಿಲ್ಲ ನೋಡ್ರಿ." ಮತ್ತೊಬ್ಬರು ಅದು ಬಂದ ದಾರಿ ತೋರಿಸಿದರು. ಒಬ್ಬ ಮುದುಕಿ, ಡ್ರೈವರನಿಗೆ ರೊಟ್ಟಿ ಪಲ್ಯ ಕಟ್ಟಿಕೊಟ್ಟೆ, ಖಾರ ಹೆಚ್ಚಾಯಿತೆಂದ, ಎಂದಳು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ತಿರುಗಿದರು. ಆ ಕ್ಷಣದಲ್ಲಿ ಬುಲ್ಡೋಜರ್ ಬ್ಯಾಡಗಿಯ ಶೆಡ್ಡಿನಲ್ಲಿ ಕಾಯಿ ಒಣಗಿಸುತ್ತಿತ್ತು. ನಾನು, "ಹೌದ್ರಿ ಮೇಡಂ, ಬಂದಿತ್ತು," ಎಂದೆ. ಹೇಳಿದ ಮೇಲೆ ನನಗೂ ಅದು ಬಂದದ್ದು ಮಸುಕಾಗಿ ನೆನಪಾಗತೊಡಗಿತು. ಮೇಡಂ, "ಸರ್ಕಾರಿ ಯಂತ್ರದಿಂದ ಇಷ್ಟು ಅಚ್ಚುಕಟ್ಟಾದ ಕೆಲಸ ನಾನೆಲ್ಲೂ ನೋಡಿಲ್ಲ," ಎಂದು ಒಪ್ಪಿಗೆ ಹಾಕಿ ಜೀಪು ಹತ್ತಿದರು. ರಸ್ತೆಯ ಜೆಸಿಬಿ ಬೇಸರದಿಂದ ಬಂದ್ ಆಯಿತು.

ಈಗ ಎಲ್ಲವೂ ಕ್ರಮಬದ್ಧವಾಗಿದೆ. ಐರಣಿಯ ಒಡ್ಡು ಭದ್ರವಾಗಿದೆ, ಬುಲ್ಡೋಜರ್ ಬ್ಯಾಡಗಿಯಲ್ಲಿ ಚಾಲೂ ಇದೆ, ಉಪವಿಭಾಗಕ್ಕೆ ಬಿಡುವಿಲ್ಲ. ಹೊಳೆಯ ಕೆಳಗಿನ ಊರಿನವರಿಗೂ ಒಡ್ಡು ಬೇಕಾಗಿದೆ. ಅವರು ಕಚೇರಿಗೆ ಬರುವ ಮೊದಲು ಹೊನ್ನವ್ವನ ಮನೆಗೆ ಹೋಗಿ ಸಲಹೆ ಕೇಳುತ್ತಾರೆ. ಮೊನ್ನೆ ಫಲಕಕ್ಕೆ ಬಣ್ಣ ಬಳಿಸಲು ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಅವರಿಗೆ ತಿಳಿಸಿ ಹೇಳುತ್ತಿದ್ದಳು. ಅಷ್ಟು ಸ್ಪಷ್ಟವಾದ ಸುತ್ತೋಲೆಯನ್ನು ನಾನು ಸಹ ಇದುವರೆಗೆ ಬರೆದಿಲ್ಲ.

"ಮೊದಲ ಅರ್ಜಿ ಕೊಡ್ರಿ. ತಾಸು ಮಂಜೂರ ಆಗಲಿ. ಬ್ಯಾಡಗ್ಯಾಗ ಅದು ಓಡೂ ಮುಂದ ಇಲ್ಲಿ ನೀವು ಮಣ್ಣ ಹೊರ್ರಿ. ಅದರ ತಾಸು ಮುಗಿಯೂದ್ರಾಗ ನಿಮ್ಮ ಒಡ್ಡೂ ಮುಗೀಬೇಕು, ಹಿಂದ ಮುಂದ ಆತಂದ್ರ ಲೆಕ್ಕ ಹೊಂದೂದಿಲ್ಲ."

"ಮಷೀನ್ ಛಲೋ ಐತೇನಬೇ?" ಎಂದು ಒಬ್ಬ ಕೇಳಿದ.

"ಬಾಳ ಛಲೋ ಐತಿ," ಎಂದಳು ಹೊನ್ನವ್ವ. "ಬುಟ್ಟಿ ಮಾತ್ರ ನೀವ ತರಬೇಕು."